ಮೂರು ತಪ್ಪು

ವರ್ಷಕ್ಕೊಮ್ಮೆ ಎಲ್ಲ ದಂಪತಿಗಳ ಬುದ್ಧಿಯನ್ನು ಅಳೆಯುತ್ತಿದ್ದರು. ಹೆಂಡತಿಯ ಅಂಕ ಗಂಡನದನ್ನು ದಾಟಿದರೆ ಮದುವೆ ರದ್ದು. ಅವಳು ಬೇರೆ ಊರಿಗೆ ಹೋಗಿ ಓದಬೇಕು. ಅನಸೂಯಾಳ ಗಂಡನಿಗೆ ಪ್ರತಿ ಸಲವೂ ಎರಡು ಉತ್ತರ ತಪ್ಪುತ್ತಿದ್ದವು. ಅದಕ್ಕೇ ಪರೀಕ್ಷೆಯ ಬೆಳಿಗ್ಗೆ ಅತ್ತೆ ಅವಳ ಹಣೆಗೆ ಕುಂಕುಮವಿಟ್ಟು, "ಮೂರು ತಪ್ಪು ಬರಿಯೋದು ಮರೀಬ್ಯಾಡವಾ" ಎನ್ನುವುದು ವಾಡಿಕೆಯಾಗಿತ್ತು.

ಮಗಳಿಗಾಗಿ ಅನಸೂಯಾ ಇಪ್ಪತ್ತು ವರ್ಷ ಗೊತ್ತಿದ್ದೂ ತಪ್ಪು ಬರೆದಳು. ಈಗ ಮಗಳ ಮದುವೆಯಾಗಿತ್ತು. ಈ ಸಲ ಎಲ್ಲವನ್ನೂ ಸರಿಯಾಗಿ ಬರೆದು ಹೊರಟುಬಿಡಬೇಕೆಂದು ಬಟ್ಟೆಯ ಗಂಟನ್ನೂ ಕಟ್ಟಿಟ್ಟು ಬಂದಿದ್ದಳು.

ಉತ್ತರಪತ್ರಿಕೆ ತಿದ್ದಿದ ಹೆಂಗಸು ನಕ್ಕಳು. "ಈ ವರ್ಷಾನೂ ಮೂರು ತಪ್ಪರೀ ಅಕ್ಕಾರ. ನಿಮ್ಮ ಸಂಸಾರ ಗಟ್ಟಿ ಐತಿ ಬಿಡ್ರಿ."

ಅನಸೂಯಾ ಪತ್ರಿಕೆಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದಳು. ಇಷ್ಟು ವರ್ಷ ತಪ್ಪೆಂದು ತಿಳಿದೇ ಬರೆಯುತ್ತಿದ್ದ ಆ ಮೂರು ಉತ್ತರಗಳೂ ಈಗ ಅವಳಿಗೆ ಸರಿಯಾಗಿಯೇ ಕಂಡವು.