ಎಲ್ಲ ಉತ್ತರವೂ ಸರಿ

ನಾಲ್ಕನೆಯ ಉತ್ತರವೂ ಸರಿಯಾದಾಗ ಕತುರಮು ಪೆನ್ನು ಕೆಳಗಿಟ್ಟ. ಕಂಪಾಲಾದ ಆ ವಿಮಾ ಕಂಪನಿಯ ಡೇಟಾಬೇಸುಗಳಿಗೆಲ್ಲ ಅವನೇ ಯಜಮಾನ. ತನ್ನ ಕೈಕೆಳಗಿನ ಒಂದೇ ಒಂದು ಹುದ್ದೆಗೆ ಬೆಳಗಿನಿಂದ ಸಂದರ್ಶನ ನಡೆಸುತ್ತಿದ್ದ. ಎರಡು ಕೆಲಸಗಳು ಒಂದಕ್ಕೊಂದು ಕಾಯುತ್ತ ಸಿಕ್ಕಿಕೊಂಡರೆ ಬಿಡಿಸುವುದು ಹೇಗೆ, ಇಂಡೆಕ್ಸ್ ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಕೇಳಿ ಕೇಳಿ ಬಂದವರೆಲ್ಲರ ಬೆವರಿಳಿಸಿ ಕಳಿಸಿದ್ದ. ಹಾಗೆ ಬೆವರಿಳಿಸುವುದರಲ್ಲಿ ಅವನಿಗೊಂದು ಸುಖವೂ ಇತ್ತು. ಈಗ ಎದುರಿಗೆ ಕುಳಿತ ಸ್ಕೋವಿಯಾ ಎಂಬ ಹುಡುಗಿ ಮಾತ್ರ ಮಗ್ಗಿ ಒಪ್ಪಿಸುವಂತೆ ಹೇಳುತ್ತಿದ್ದಳು.

“ಎಲ್ಲಿ ಕಲಿತೆಯಮ್ಮ ಇಷ್ಟೆಲ್ಲ?”

“ಎಲ್ಲ ಕಂಪನೀಲೂ ಇದನ್ನೇ ಕೇಳ್ತಾರೆ ಸಾರ್. ಸಂದರ್ಶನಕ್ಕೆ ಹೋಗಿ ಹೋಗಿ ಬಾಯಿಪಾಠ ಆಗಿಬಿಟ್ಟಿದೆ.”

“ಇದನ್ನೇ? ಇವು ನಾನೇ ಕೂತು ಬರೆದ ಪ್ರಶ್ನೆಗಳು!”

ಅವಳು ಹೇಳಿದ್ದು ನಿಜ. ಊರಿನ ಕಂಪನಿಗಳವರೆಲ್ಲ ಇಂಟರ್‌ನೆಟ್ಟಿನ ಅದೇ ಒಂದು ಪುಟದಿಂದ ಪ್ರಶ್ನೆ ಎತ್ತುತ್ತಾರೆ, ಕತುರಮು ಕೂಡ ಅಲ್ಲಿಂದಲೇ ಎತ್ತಿದ್ದ. ಆದರೆ ತಲೆ ಕೆಡಿಸಿಕೊಂಡು ತಾನೇ ಬರೆದದ್ದೆಂದು ಪಕ್ಕದಲ್ಲಿ ಕುಳಿತ ಮ್ಯಾನೇಜರ್ ಕಲಿಬ್ಬಾಲಾ ಅವರ ಹತ್ತಿರ ಜಂಬ ಕೊಚ್ಚಿಕೊಂಡಿದ್ದನಲ್ಲ, ಈಗ ಒಪ್ಪಿಕೊಳ್ಳುವುದಾದರೂ ಹೇಗೆ? ಸ್ಕೋವಿಯಾಗೆ ಇದೊಂದೂ ತಿಳಿಯದು. ಹೋದಲ್ಲೆಲ್ಲ “ತಿಳಿಸ್ತೀವಿ” ಎಂದು ಕಳಿಸಿದ್ದರು, ಯಾರೂ ತಿಳಿಸಿರಲಿಲ್ಲ. ಈ ಕೆಲಸವೂ ತಪ್ಪಿದರೆ ತನ್ನೂರು ಮಸಾಕಾಗೆ ವಾಪಸು ಹೋಗಿ ಅಕ್ಕನ ಕೋಳಿ ಅಂಗಡಿಯಲ್ಲಿ ಕೂರಬೇಕು. ಅಕ್ಕ ಆಗಲೇ ಏಪ್ರನ್ ಹೊಲಿಸಿಟ್ಟಿದ್ದಳು.

ಅಷ್ಟರಲ್ಲಿ ಚಹಾ ಬಂತು. ಜೊತೆಗೆ ಈರುಳ್ಳಿ, ಮೆಣಸಿನಕಾಯಿ ಹಾಕಿ ಗರಿಗರಿಯಾಗಿ ಹುರಿದ ಮಿಡತೆ. ಮಿಡತೆ ಸುಗ್ಗಿಯ ನವೆಂಬರಿನಲ್ಲಿ ಅದಿಲ್ಲದ ಚಹಾ ಯಾರಿಗೆ ಬೇಕು? ಕತುರಮು ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ತಟ್ಟೆಯನ್ನು ಅವಳತ್ತ ತಳ್ಳಿದ.

“ಬೇಡ ಸಾರ್. ನಮ್ಮದು ಮಿಡತೆ ಕುಲ. ತಿನ್ನೋ ಹಾಗಿಲ್ಲ.”

“ಅರೆ!” ಕಲಿಬ್ಬಾಲಾ ಅವರ ಮುಖ ಅರಳಿತು. “ನಂದೂ ಅದೇ ಕುಲ ಕಣಮ್ಮ! ಹಾಗಾದ್ರೆ ನೀನು ನನ್ನ ಮಗಳೇ ಆದೆಯಲ್ಲ! ನಿಮ್ಮಜ್ಜನ ಹೆಸರೇನು?”

ಒಂದೇ ಕುಲದ ಹಿರಿಯರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ ಅಪರಿಚಿತರನ್ನೂ ಹೀಗೇ ಮಾತನಾಡಿಸುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಹೋದ ವರ್ಷ ಇದೇ ಕಚೇರಿಯ ಗುಮಾಸ್ತನ ಹುದ್ದೆ ಕಲಿಬ್ಬಾಲಾ ಅವರ ತಂಗಿಯ ಮಗನಿಗೆ ಸಿಕ್ಕಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಕತುರಮುವಿನ ಕಣ್ಣಿಗೆ ಆ ಕಾಮಾಲೆ ಹೋದ ವರ್ಷವೇ ಹತ್ತಿತ್ತು.

“ಪ್ರಶ್ನೆ ಕಾಗದ ಸೋಮವಾರದಿಂದ ತಮ್ಮ ಡ್ರಾಯರಲ್ಲೇ ಇತ್ತಲ್ವಾ ಸಾರ್?” ಎಂದ, ಮಿಡತೆ ಅಗಿಯುತ್ತ.

“ಏನಯ್ಯಾ ನಿನ್ನ ಮಾತಿನ ಅರ್ಥ?”

“ಅರ್ಥ ಏನೂ ಇಲ್ಲ. ತಮ್ಮ ಮಗಳು ಬಹಳ ಚುರುಕಾಗಿದ್ದಾಳೆ ಅಂದೆ, ಅಷ್ಟೇ.”

ಕಲಿಬ್ಬಾಲಾ ಕುರ್ಚಿಯನ್ನು ಅವಳಿಂದ ಒಂದಿಷ್ಟು ದೂರಕ್ಕೆ ಎಳೆದುಕೊಂಡರು. ಸ್ಕೋವಿಯಾ ತನ್ನ ಕುರ್ಚಿಯ ಅಂಚಿಗೆ ಸರಿದಳು.

“ದೇವರಾಣೆ ಸಾರ್, ಇವತ್ತಿನವರೆಗೂ ನಾನು ಇವರ ಮುಖಾನೇ ನೋಡಿಲ್ಲ!”

“ನಾನು ಕೇಳಿದ್ನೇನಮ್ಮ?”

ಕತುರಮು ಕಾಗದವನ್ನು ಮುಖದ ಹತ್ತಿರ ಹಿಡಿದು, ಓದುವವನಂತೆ ಮುಂದಿನ ಪ್ರಶ್ನೆ ಕೇಳಿದ. “ಡಿಸ್ಕ್ ತುಂಬಿ ಡೇಟಾಬೇಸ್ ನಿಂತುಹೋಗಿದೆ. ಕೌಂಟರಿನಲ್ಲಿ ಜನ ಕೂಗಾಡ್ತಿದ್ದಾರೆ. ನಡೆದ ವ್ಯವಹಾರವೆಲ್ಲ ದಾಖಲಾಗೋ ಲಾಗ್ ಫೈಲು ಅಳಿಸಿದ್ರೆ ಜಾಗ ಆಗುತ್ತೆ. ಅಳಿಸ್ತೀಯಾ?”

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದವಳು ಅವನ ಕಣ್ಣು ನೋಡಿ ತಡೆದಳು. ಇದನ್ನೂ ಸರಿಯಾಗಿ ಹೇಳಿದರೆ ಕಳ್ಳಿ ಅನ್ನುವುದು ಖಾತ್ರಿಯಾಗಿಬಿಡುತ್ತದೆ. ಎಲ್ಲರಂತೆ ಒಂದರಲ್ಲಾದರೂ ತಡವರಿಸಿದರೆ ಈ ಮನುಷ್ಯನಿಗೆ ಸಮಾಧಾನವಾದೀತು. ನಾಲ್ಕು ಸರಿ, ಒಂದು ತಪ್ಪು. ಕೆಲಸಕ್ಕೆ ಅಷ್ಟು ಸಾಲದೇ? ಅವಳು ತಲೆ ತಗ್ಗಿಸಿದಳು.

“ಗೊತ್ತಿಲ್ಲ ಸಾರ್.”

ಕತುರಮು ಕಾಗದವನ್ನು ಕಲಿಬ್ಬಾಲಾ ಅವರ ಮುಂದೆ ಹರಡಿದ. “ನೀವೇ ಹುಡುಕಿ ಸಾರ್. ಈ ಪ್ರಶ್ನೆ ಇದರಲ್ಲಿ ಎಲ್ಲೂ ಇಲ್ಲ. ಈಗ ತಾನೇ ನನ್ನ ತಲೆಯಿಂದ ತೆಗೆದದ್ದು. ಕಾಗದದಲ್ಲಿರೋದೆಲ್ಲ ಪಟಪಟ ಅಂತ ಬಂತು, ಇಲ್ಲದ್ದು ಒಂದೇ ಒಂದು ಕೇಳಿದೆ, ಬಾಯಿ ಬಿದ್ದುಹೋಯ್ತು!”

ಸ್ಕೋವಿಯಾ ಎದ್ದು ನಿಂತಳು. “ಗೊತ್ತು ಸಾರ್, ಗೊತ್ತು! ಅಳಿಸಬಾರದು! ಮೊದಲು ಲಾಗನ್ನ ಬೇರೆ ಡಿಸ್ಕಿಗೆ ಬ್ಯಾಕಪ್ ಮಾಡ್ಬೇಕು, ಇಲ್ದಿದ್ರೆ ನಾಳೆ ಏನಾದ್ರೂ ಕೆಟ್ರೆ ವಾಪಸ್ ತರೋಕೆ ದಾರಿನೇ ಇರಲ್ಲ...”

ಉತ್ತರ ಸರಿಯಾಗಿತ್ತು. ಕತುರಮುವಿನ ದವಡೆ ಒಂದು ಕ್ಷಣ ಅಗಿಯುವುದನ್ನು ನಿಲ್ಲಿಸಿತು. ಅವನು ಏನೋ ಹೇಳಲು ಹೊರಟ, ಆದರೆ ಕಲಿಬ್ಬಾಲಾ ಕೈಯೆತ್ತಿ ತಡೆದರು. ಅವಳ ಅರ್ಜಿಯನ್ನು ಎರಡು ಬೆರಳಿನಲ್ಲಿ ಹಿಡಿದು ಅವಳ ಮುಂದಕ್ಕೆ ವಾಪಸು ಸರಿಸುತ್ತ, ಮೆಲ್ಲನೆ ಕೇಳಿದರು:

“ಗೊತ್ತಿದ್ದೂ ಗೊತ್ತಿಲ್ಲ ಅಂತ ಯಾಕೆ ಸುಳ್ಳು ಹೇಳಿದೆ, ಹುಡುಗಿ?”