ಪಾರ್ಕಿನ ನೆರಳು

ಪಾರ್ಕಿಗೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬೀಗ. ಮಧ್ಯಾಹ್ನ ಎರಡೂವರೆಗೆ, ರಸ್ತೆ ಗುಡಿಸಿ ದಣಿದ ಓಬಳಮ್ಮ ಬೇಲಿಯಾಚೆ ಚಾಚಿದ್ದ ಹೊಂಗೆಯ ನೆರಳಲ್ಲಿ ಕೂತಳು. ಕಸದ ಲಾರಿ ಬರುವವರೆಗೂ ಕಾಯಬೇಕು. ಹೋದ ವಾರ ಹೀಗೇ ಬಿಸಿಲಲ್ಲಿ ಕಾದು, ತಲೆಸುತ್ತಿ ಬಿದ್ದಿದ್ದಳು.

ಎದುರುಮನೆಯಿಂದ ಪಾರ್ಕ್ ಸಂಘದ ಕಾರ್ಯದರ್ಶಿ ಬಂದರು.

"ಏಳಮ್ಮ, ಪಾರ್ಕು ಮುಚ್ಚಿದೆ."

"ನಾನು ರಸ್ತೇಲಿ ಕುಂತಿವ್ನಿ ಸಾಮಿ."

"ರಸ್ತೆ ಸರ್ಕಾರದ್ದು. ನೆರಳು ಪಾರ್ಕಿನದು ತಾನೆ?" ಪಾರ್ಕಿನ ಗೇಟಿನಲ್ಲಿದ್ದ ಕಾವಲುಗಾರನತ್ತ ತಿರುಗಿದರು. "ನೋಡಯ್ಯ, ಈ ಮರದ ನೆರಳು ಎಲ್ಲಿವರೆಗೆ ಬೀಳುತ್ತೋ ಅಲ್ಲಿವರೆಗೂ ಪಾರ್ಕು. ಯಾರೇ ಕೂತಿದ್ರೂ ಎಬ್ಬಿಸು."

"ಆಯ್ತು ಸಾರ್."

ಓಬಳಮ್ಮ ಸೆರಗನ್ನು ತಲೆಗೆಳೆದುಕೊಂಡು ಬಿಸಿಲಿಗೆ ಸರಿದಳು. ಕಾವಲುಗಾರ ನೆರಳಿನ ಅಂಚಿಗೆ ಬ್ಲೀಚಿಂಗ್ ಪೌಡರಿನ ಗೆರೆ ಎಳೆದ. ನೆರಳು ಮುಂದೆ ಹೋಯಿತು. ಅವನೂ ಮುಂದೆ ಹೋಗಿ ಇನ್ನೊಂದು ಎಳೆದ. ಮೂರಕ್ಕೆ ಗೆರೆ ರಸ್ತೆ ದಾಟಿತು. ಮೂರೂವರೆಗೆ ಎದುರುಮನೆಯ ಜಗಲಿ ಹತ್ತಿ, ಅಲ್ಲಿ ಕಾರ್ಯದರ್ಶಿಗಳು ಕೂತಿದ್ದ ಆರಾಮಕುರ್ಚಿಯನ್ನೂ ಸುತ್ತಿಕೊಂಡಿತು. ಅವನು ಸೀಟಿ ಊದಿದ.

"ಏಳಿ ಸಾರ್, ಪಾರ್ಕು ಮುಚ್ಚೈತೆ."

"ಇದು ನನ್ನ ಮನೆ ಕಣಯ್ಯ!"

"ಮನೆ ನಿಮ್ದೇ ಸಾರ್. ನೆರಳಿಂದ ಆಚೆ ಬನ್ನಿ."

ಬಿಸಿಲಲ್ಲಿ ಕೂತಿದ್ದ ಓಬಳಮ್ಮ ಒಂದಿಷ್ಟು ಸರಿದು, ಕಾರ್ಯದರ್ಶಿಗಳಿಗೆ ಜಾಗ ಮಾಡಿಕೊಟ್ಟಳು.