ಹಂಗೇರಿಯ ರೆಕಾರ್ಡು

ಸರ್ವಮಂಗಳಳ ಗಂಡ ರುದ್ರಮುನಿಗೆ ಒಂದೇ ಹುಚ್ಚು. ಹಂಗೇರಿ, ಪೋಲೆಂಡ್ ಕಡೆಯ ಹಳೇ ಸಿನಿಮಾಗಳಿಗೆ ಸಂಗೀತ ಕೊಟ್ಟು, ತಮ್ಮೂರಲ್ಲೇ ಹೆಸರಿಲ್ಲದೆ ಹೋದವರ ರೆಕಾರ್ಡುಗಳನ್ನು ಎಲ್ಲೆಲ್ಲಿಂದಲೋ ತರಿಸುವುದು, ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬನೇ ಕೇಳುವುದು. ಇವಳು ಕಾಫಿ ಹಿಡಿದು ಒಳಗೆ ಹೋದರೆ ಸಾಕು, ಬೈಗುಳ ಶುರು.

"ಈ ಊರಲ್ಲಿ ಇದನ್ನ ಕೇಳೋ ಕಿವಿ ನಂದೊಂದೇ. ನಿಂಗೇನು ತಿಳಿಯುತ್ತೆ? ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ! ಜೊತೆಗೆ ಕೂತು ಕೇಳೋಕೆ ಒಬ್ಬರೂ ಗತಿಯಿಲ್ಲ ನನಗೆ."

ಕತ್ತೆ ಅಂದದ್ದನ್ನು ಅವಳು ನುಂಗಿಕೊಂಡಳು. ಕೊನೆಯ ಮಾತು ಮಾತ್ರ ಎದೆಗೆ ನಾಟಿತು. ಜೊತೆಗೆ ಕೂರುವವಳು ತಾನೇ ಯಾಕಾಗಬಾರದು?

ಅವನು ಜೀವದಂತೆ ಕಾಪಾಡುತ್ತಿದ್ದ ಹಂಗೇರಿಯ ರೆಕಾರ್ಡೊಂದಿತ್ತು. ಅದು ಹಾಡುವಾಗಲೆಲ್ಲ ಬಾಗಿಲಿಗೆ ಕಿವಿಯಾನಿಸಿ ನಿಂತು, ಇಡೀ ಮಳೆಗಾಲ ಕಲಿತಳು. ಒಂದು ಸಂಜೆ ಅವನ ಎದುರಿಗೇ ಕೂತು, ಹೂ ಕಟ್ಟುತ್ತಾ, ಆ ರಾಗವನ್ನು ಮೊದಲಿನಿಂದ ಕೊನೆಯವರೆಗೂ ಗುನುಗಿದಳು.

ಅವನು ಕುಡಿಯುತ್ತಿದ್ದ ಲೋಟ ಕೆಳಗಿಟ್ಟ.

"ಎಲ್ಲಾದ್ರೂ ತಪ್ಪಿತಾ?" ನಾಚುತ್ತಲೇ ಕೇಳಿದಳು.

"ಇಲ್ಲ. ಸರಿಯಾಗೇ ಇದೆ."

"ಹಂಗಾದ್ರೆ ನಾಳೆಯಿಂದ ನಾನೂ ಜೊತೆಗೆ ಕೂರ್ತೀನಿ ಕಣ್ರೀ."

ಅವನು ಲೋಟ ಅಲ್ಲೇ ಬಿಟ್ಟು ಎದ್ದು ಕೋಣೆಗೆ ಹೋದ. ಆ ಸಂತೋಷದಲ್ಲಿ ಅವಳು ಅದನ್ನು ಗಮನಿಸಲೂ ಇಲ್ಲ.

ಬೆಳಿಗ್ಗೆ ಅಂಗಳ ಗುಡಿಸಿ ಬರುವಷ್ಟರಲ್ಲಿ ಗುಜರಿಯವನು ಬಾಗಿಲಲ್ಲಿ ನಿಂತಿದ್ದ. ಗಂಡ ಆ ರೆಕಾರ್ಡನ್ನು ಅವನ ಚೀಲಕ್ಕೆ ಹಾಕುತ್ತಿದ್ದ.

"ಅಯ್ಯೋ, ಅದು ನಿಮ್ಮ ಪ್ರಾಣ ಅಲ್ವೇನ್ರೀ!"

"ಆಗಿತ್ತು," ಎಂದ ರುದ್ರಮುನಿ. "ಈಗ ಅದು ನಿಂಗೂ ಬರುತ್ತಲ್ಲ."